ಬಿಸಿಯೂಟದ ತಟ್ಟೆ ಕಲಿಸಿದ್ದು

ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯಾಗಿ ಬಿಸಿಯೂಟದ ಹೊಣೆ ಹೊತ್ತವಳು ನಾನು. ಪೌಷ್ಟಿಕತೆಯ ಮಾರ್ಗಸೂಚಿಗಳು ಚೆನ್ನಾಗಿಯೇ ಇವೆ. ಅವು ಮಗುವಿನ ಹೊಟ್ಟೆ ಸೇರುತ್ತವೋ ಇಲ್ಲವೋ ಎಂಬುದು ಅಡುಗೆಕೋಣೆಯ ಸಣ್ಣಪುಟ್ಟ ಕೆಲಸಗಳಲ್ಲಿ ತೀರ್ಮಾನವಾಗುತ್ತದೆ.

1. ಗ್ರಾಂ ಲೆಕ್ಕವನ್ನು ಕೆಜಿಗೆ ತನ್ನಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎನ್ನುತ್ತದೆ ನಿಯಮ. ನೂರು ಮಕ್ಕಳು ಬಂದರೆ 2 ಕೆಜಿ ಬೇಳೆ, 5 ಕೆಜಿ ತರಕಾರಿ. ಹಾಜರಿ ಮುಗಿದ ಕೂಡಲೇ ಈ ಲೆಕ್ಕ ಅಡುಗೆಕೋಣೆಯ ಹಲಗೆಯ ಮೇಲೆ ಬರಬೇಕು. ಕಣ್ಣಂದಾಜಿಗೆ ಬಿಟ್ಟರೆ, ಬೆಲೆ ಏರಿದ ವಾರ ಮೊದಲು ಇಳಿಯುವುದು ತರಕಾರಿಯೇ.

2. ಊಟವಾದ ಮೇಲೆ ಕೈತೊಳೆಯುವ ನಲ್ಲಿಯ ಹತ್ತಿರ ನಿಂತು ನೋಡಿ. ಯಾವುದೇ ರಿಜಿಸ್ಟರ್ ಹೇಳದ ಸಂಗತಿ ಅಲ್ಲಿ ಕಾಣುತ್ತದೆ. ಸೋರೆಕಾಯಿ, ಬದನೆಕಾಯಿಯ ದೊಡ್ಡ ಹೋಳುಗಳೆಲ್ಲ ತಟ್ಟೆಯ ಅಂಚಿನಲ್ಲಿ ಉಳಿದಿರುತ್ತವೆ. ಅದೇ ಸೋರೆಕಾಯಿಯನ್ನು ಸಣ್ಣಗೆ ಹೆಚ್ಚಿ ಬೇಳೆಯ ಜೊತೆಗೇ ಬೇಯಿಸಿದರೆ ತಟ್ಟೆ ಖಾಲಿ. ನುಗ್ಗೆಸೊಪ್ಪಿಗೆ ಇನ್ನೂ ಹೆಚ್ಚು ತಾಳ್ಮೆ ಬೇಕು. ಎಲೆ ಬಿಡಿಸುವಾಗ ಸಣ್ಣ ಕಡ್ಡಿ ಉಳಿದು ಗಂಟಲಿಗೆ ಚುಚ್ಚಿದರೆ ಆ ಮಗು ತಿಂಗಳುಗಟ್ಟಲೆ ಸೊಪ್ಪಿನ ಸಾರು ಮುಟ್ಟುವುದಿಲ್ಲ. ಮಕ್ಕಳು ಹಟಮಾರಿಗಳೆಂದು ಬೈಯುವ ಮೊದಲು ಸಾರಿನೊಳಗೆ ಸೌಟಾಡಿಸಿ ನೋಡಿ ಎಂದು ನಾನು ಎಲ್ಲ ಶಿಕ್ಷಕರಿಗೂ ಹೇಳುತ್ತೇನೆ.

3. ಕ್ಷೀರಭಾಗ್ಯ ಯೋಜನೆಯ ಹಾಲಿನಪುಡಿಯನ್ನು ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಬೇಕು. ಲೋಟದಲ್ಲಿ ಗಂಟು ಕಂಡರೆ ಮಗು ಹಾಲು ಚೆಲ್ಲುತ್ತದೆ. ಮನೆಯಲ್ಲಿ ತಿಂಡಿಯಿಲ್ಲದೆ ಬರುವವರಿಗೆ ಆ 150 ಮಿಲಿ ಹಾಲೇ ಬೆಳಗಿನ ಆಹಾರ.

4. ಮೊಟ್ಟೆ ತಿನ್ನುವವರು, ಅದರ ಬದಲು ಬಾಳೆಹಣ್ಣು ಪಡೆಯುವವರು ಒಂದೇ ಸಾಲಿನಲ್ಲಿ ಕೂರಲಿ. ಇದರಲ್ಲಿ ರಾಜಿ ಬೇಡ.

5. ಗೇಟಿನ ಎದುರಿನ ಅಂಗಡಿಯೂ ನಮ್ಮ ಹೊಣೆಯೇ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲಾ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಆದರೆ ಅಂಗಡಿಯವರಿಗೂ ಸಂಸಾರವಿದೆ. ನಿಯಮ ತೋರಿಸಿ ಹೆದರಿಸುವುದಕ್ಕಿಂತ, 'ಅಣ್ಣಾ, ಚಿಪ್ಸ್ ಪೊಟ್ಟಣದ ಜಾಗದಲ್ಲಿ ಹುರಿಗಡಲೆ, ಶೇಂಗಾ, ಸೀಬೆಹಣ್ಣು ಇಡಿ' ಎಂದು ಕೂತು ಮಾತಾಡಿದರೆ ಕೆಲಸ ಆಗುತ್ತದೆ. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವುದನ್ನು ಶಾಲೆಯೊಳಗೆ ನಾವೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಆ ಮಾತಿಗೆ ಬೆಲೆಯಿರುವುದಿಲ್ಲ.

6. ಅಡುಗೆಯವರನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಕರೆಯಿರಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಸರಿಯಾದದ್ದೇ. ಆದರೆ ರುಚಿ ಯಾಕೆ ಕೆಟ್ಟಿತು ಎಂಬುದು ಗೊತ್ತಿರುವುದು ಅಡುಗೆಯವರಿಗೆ. 'ಸಣ್ಣಗೆ ಹೆಚ್ಚಿ ಅಂತೀರಿ ಮೇಡಂ, ಇರೋದು ಒಂದೇ ಈಳಿಗೆಮಣೆ, ಅದೂ ಮೊಂಡು' ಎಂದು ನಮ್ಮ ಅಡುಗೆಯಕ್ಕ ಹೇಳಿದ್ದು ಅಂಥದೊಂದು ಸಭೆಯಲ್ಲೇ. ಅವತ್ತೇ ಇನ್ನೆರಡು ಈಳಿಗೆಮಣೆ ಕೊಳ್ಳಲು ಸಭೆ ಒಪ್ಪಿತು.