ಜ್ವರದ ಮೂಲ ಹುಡುಕುವ ವೈದ್ಯರು

ಮಳೆಗಾಲದಲ್ಲಿ ಪೆರಾಬೆ, ಕುಂತೂರು, ಆಲಂಕಾರು ಕಡೆಯ ತೋಟದ ಮನೆಗಳಿಗೆ ಜ್ವರ ಹೊಸತಲ್ಲ. ಡೆಂಗಿ, ಮಲೇರಿಯಾ, ಇಲಿಜ್ವರ, ಸ್ಕ್ರಬ್ ಟೈಫಸ್ ನಾಲ್ಕೂ ಶುರುವಾಗುವುದು ಹೆಚ್ಚುಕಡಿಮೆ ಒಂದೇ ರೀತಿ: ಜ್ವರ, ತಲೆನೋವು, ಮೈಕೈ ನೋವು. ನಾಲ್ಕರಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು. ಆದರೆ ಚಿಕಿತ್ಸೆ ಬೇರೆ ಬೇರೆ. ಡೆಂಗಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡದು. ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಅದು ಬೇಗ ಸಿಗದಿದ್ದರೆ ಕಿಡ್ನಿ, ಶ್ವಾಸಕೋಶಗಳಿಗೆ ಅಪಾಯ. ಮಲೇರಿಯಾಕ್ಕೆ ಅದರದ್ದೇ ಮದ್ದು ಬೇಕು.

ಇಂಥ ರೋಗಗಳನ್ನೇ ವಿಶೇಷವಾಗಿ ಕಲಿತವರು ಸಾಂಕ್ರಾಮಿಕ ರೋಗ ತಜ್ಞರು. ಆ ದಾರಿ ಉದ್ದದ್ದು. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ಬಳಿಕ ಸಾಮಾನ್ಯವಾಗಿ ಜನರಲ್ ಮೆಡಿಸಿನ್‌ನಲ್ಲಿ ಎಂಡಿಗೆ 3 ವರ್ಷ. ಆಮೇಲೆ 3 ವರ್ಷದ ಡಿಎಂ, ಇಲ್ಲವೇ ರಾಷ್ಟ್ರೀಯ ಪರೀಕ್ಷಾ ಮಂಡಳಿಯ 2 ವರ್ಷದ ಫೆಲೋಶಿಪ್. ದಿಲ್ಲಿಯ ಏಮ್ಸ್, ವೆಲ್ಲೂರಿನ ಸಿಎಂಸಿ ಈ ತರಬೇತಿಗೆ ಹೆಸರಾದವು. ನಮಗೆ ಹತ್ತಿರದ ಮಣಿಪಾಲದ ಕೆಎಂಸಿಯಲ್ಲೂ ಈ ರೋಗಗಳಿಗೆ ಪ್ರತ್ಯೇಕ ವಿಭಾಗವಿದೆ. ವೈದ್ಯಕೀಯ ಓದಬೇಕೆನ್ನುವ ನಮ್ಮ ಮಕ್ಕಳು ಈ ಶಾಖೆಯತ್ತಲೂ ನೋಡಬೇಕು.

ಇಂಥ ಕಲಿಕೆ ಏಕೆ ಬೇಕೆಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂತು. ಹಳದಿ ಜ್ವರ ಇರಬಹುದೆಂಬ ಸಂಶಯ ಮೊದಲು ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದಾಗ ಅದು ಉಣುಗು ಹರಡುವ ಹೊಸ ವೈರಸ್ ಎಂದು ತಿಳಿಯಿತು. ಅದೇ ಮಂಗನ ಕಾಯಿಲೆ. 1982-83ರಲ್ಲಿ ಅದು ನಮ್ಮದೇ ಜಿಲ್ಲೆಯ ಬೆಳ್ತಂಗಡಿ ತಾಲೂಕನ್ನೂ ಕಾಡಿತು. ಕಾಡು, ಮಂಗ, ಉಣುಗು, ಮನುಷ್ಯ ಇವನ್ನೆಲ್ಲ ಒಟ್ಟಿಗೆ ನೋಡಿದ್ದರಿಂದಲೇ ರೋಗದ ಗುಟ್ಟು ಸಿಕ್ಕಿತು.

ತಜ್ಞರು ಕಲಿಯುವ ದೊಡ್ಡ ಪಾಠವೂ ಇದೇ: ಪ್ರಯೋಗಾಲಯಕ್ಕೆ ಮೊದಲು ಪ್ರಶ್ನೆ. ಎಲ್ಲಿ ಕೆಲಸ ಮಾಡಿದಿರಿ? ಕೆಸರು ನೀರಿಗೆ ಇಳಿದಿದ್ದಿರಾ? ಕಾಲಿನಲ್ಲಿ ಗಾಯವಿತ್ತೇ? ಎಲ್ಲಿಗೆ ಪ್ರಯಾಣ ಮಾಡಿದ್ದಿರಿ? ಸೋಂಕು ತಗಲಿ ಜ್ವರ ಕಾಣಲು ಒಂದೆರಡು ವಾರ ಬೇಕಾಗಬಹುದು. ಆದ್ದರಿಂದ ನಿನ್ನೆ ಮೊನ್ನೆಯದ್ದಷ್ಟೇ ಹೇಳಿದರೆ ಸಾಲದು, ಮೂರು ವಾರದ ಹಿಂದಿನದ್ದನ್ನೂ ನೆನಪಿಸಿಕೊಳ್ಳಬೇಕು.

ಇನ್ನೊಂದು ಮುಖ್ಯ ಮಾತು. ಸ್ಕ್ರಬ್ ಟೈಫಸ್‌ನಲ್ಲಿ ಕೀಟ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರಬಹುದು. ಅದು ಹೆಚ್ಚಾಗಿ ಕಂಕುಳು, ತೊಡೆಸಂದು, ಸ್ತನದ ಕೆಳಭಾಗದಂಥ ಮುಚ್ಚಿದ ಜಾಗದಲ್ಲಿರುತ್ತದೆ, ನೋವೂ ಇರುವುದಿಲ್ಲ. ಸಂಕೋಚದಿಂದ ನಮ್ಮ ಹೆಂಗಸರು ತೋರಿಸದಿದ್ದರೆ ವೈದ್ಯರಿಗೆ ರೋಗ ತಿಳಿಯುವುದು ತಡವಾಗುತ್ತದೆ. ಮಹಿಳಾ ವೈದ್ಯರನ್ನೋ ನರ್ಸ್‌ರನ್ನೋ ಕೇಳಿ, ಆದರೆ ಪರೀಕ್ಷೆ ತಪ್ಪಿಸಬೇಡಿ. ಮನೆಯಲ್ಲೇ ತಾಯಿಯೋ ಅಕ್ಕನೋ ಮೊದಲು ನೋಡಿ ಹೇಳಬಹುದು.

ಮನೆಯವರು ಮಾಡಬೇಕಾದದ್ದು ಇಷ್ಟು:

• ಜ್ವರ ಶುರುವಾದ ದಿನ, ನುಂಗಿದ ಮಾತ್ರೆಗಳ ಹೆಸರು ಚೀಟಿಯಲ್ಲಿ ಬರೆದು ಆಸ್ಪತ್ರೆಗೆ ಒಯ್ಯಿರಿ.

• ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ಅದರಿಂದ ಮುಂದೆ ಮಾಡುವ ರಕ್ತದ ಕಲ್ಚರ್‌ನಲ್ಲಿ ರೋಗಾಣು ಸಿಗದೆ ಹೋಗಬಹುದು.

• ಡೆಂಗಿ ಸಂಶಯವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವಕ್ಕೆ ದಾರಿಯಾದೀತು.

• ಕಾಲು ಬಿರಿದಿದ್ದರೆ, ಗಾಯವಿದ್ದರೆ ತೋಟದ ನೀರಿಗೆ ಗಂಬೂಟು ಇಲ್ಲದೆ ಇಳಿಯಬೇಡಿ.

• ಉಸಿರುಕಟ್ಟು, ಕಣ್ಣು ಹಳದಿ, ಮೂತ್ರ ಕಡಿಮೆ, ರಕ್ತಸ್ರಾವ, ನಿಲ್ಲದ ವಾಂತಿ, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯದೆ ಹೊರಡಿ.

ತಜ್ಞರು ಪ್ರತಿ ಊರಲ್ಲೂ ಇರುವುದಿಲ್ಲ. ಆದರೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿದ್ದರೆ, ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಅರ್ಧ ದಾರಿ ಸಲೀಸಾಗುತ್ತದೆ.