ಪ್ರಾರ್ಥನೆ ಬಾಯಿಗೆ ಬಾರದ ದಿನಗಳು

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಒಟ್ಟಿಗೆ ಇಟ್ಟು ಓದಿದೆ. ಊರು ಬೇರೆ, ವಯಸ್ಸು ಬೇರೆ, ಕಷ್ಟ ಬೇರೆ. ಆದರೆ ಐದೂ ಪತ್ರಗಳು ತಪ್ಪೊಪ್ಪಿಗೆಯ ದನಿಯಲ್ಲೇ ಶುರುವಾಗುತ್ತವೆ: ಹೀಗೆ ಬರೆಯಬಾರದು, ಆದರೂ ಬರೆಯುತ್ತಿದ್ದೇನೆ ಎಂದು. ನಂಬಿಕೆ ಸೋತಿದೆ ಎಂದು ಹೇಳಿಕೊಳ್ಳಲು ನಮ್ಮ ಸಭೆಗಳಲ್ಲಿ ಜನ ಇಷ್ಟು ಅಂಜುತ್ತಾರಲ್ಲ, ಆ ನೋವು ನನಗೆ ದೊಡ್ಡದು. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಮ್ಮ ಯಜಮಾನರು ಹದಿನಾಲ್ಕು ತಿಂಗಳು ಡಯಾಲಿಸಿಸ್ ಮಾಡಿಸಿಕೊಂಡು, ಕಡೆಗೆ ಕರ್ತನಲ್ಲಿ ನಿದ್ರೆ ಹೋದರು. ಸಭೆಯವರು ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆ ಮಾಡಿದ್ದರು. ಗುಣ ಆಗೇ ಆಗುತ್ತದೆಂದು ನಾನೂ ನಂಬಿದ್ದೆ. ಮಣ್ಣು ಮಾಡಿ ಎಂಟು ದಿನವಾಗಿರಲಿಲ್ಲ, ಮನೆಗೆ ಬಂದ ಒಬ್ಬ ಸಹೋದರಿ "ಎಲ್ಲೋ ನಂಬಿಕೆ ಕಡಿಮೆ ಬಿದ್ದಿರಬೇಕ್ರೀ ಅಕ್ಕಾರ" ಅಂದಳು. ಆವತ್ತಿನಿಂದ ಸತ್ಯವೇದ ತೆರೆದರೆ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಮೊಣಕಾಲೂರಿದರೆ ಮಾತು ಹೊರಡುವುದಿಲ್ಲ. ಚರ್ಚಿನಲ್ಲಿ ಹಾಡುವಾಗ ಬರೀ ತುಟಿ ಆಡಿಸುತ್ತೇನೆ. ನನ್ನ ನಂಬಿಕೆ ಸಾಲದ್ದಕ್ಕೇ ಅವರು ಹೋದರೇನು?
– ಒಬ್ಬ ಸಹೋದರಿ, ಗದಗ-ಬೆಟಗೇರಿ

ಉತ್ತರ: ಇಲ್ಲ ತಾಯಿ. ಖಂಡಿತ ಇಲ್ಲ. ಉಳಿದದ್ದನ್ನು ಆಮೇಲೆ ಓದಿದರೂ ಸರಿ, ಈ ಒಂದು ಮಾತು ಮೊದಲು ನಿಮ್ಮನ್ನು ಮುಟ್ಟಲಿ.

ಹುಟ್ಟುಕುರುಡನೊಬ್ಬನನ್ನು ಕಂಡು, ಇದು ಯಾರ ಪಾಪದ ಫಲ, ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿದನು. ಸಿಲೋವಾಮಿನ ಬುರುಜು ಬಿದ್ದು 18 ಮಂದಿ ಸತ್ತಾಗಲೂ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯಬೇಡಿ ಎಂಬುದೇ ಆತನ ಉತ್ತರವಾಗಿತ್ತು. ಸತ್ತವರ ಮನೆಗೆ ಹೋಗಿ ಸಾವಿಗೆ ಲೆಕ್ಕ ಒಪ್ಪಿಸುವವರು ಯೋಬನ ಸ್ನೇಹಿತರ ಸಾಲಿಗೆ ಸೇರುತ್ತಾರೆ. ಆ ಮೂವರು ಮೊದಲ ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ಯೋಬನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟರು, ಕೆಟ್ಟರು. ಗ್ರಂಥದ ಕೊನೆಯಲ್ಲಿ ದೇವರ ಕೋಪ ತಿರುಗಿದ್ದು, ದೇವರ ಪರವಾಗಿ ವಾದಿಸಿದ ಈ ಮೂವರ ಮೇಲೆ. ನಿಮ್ಮ ಮನೆಗೆ ಬಂದ ಆ ಸಹೋದರಿಯನ್ನು ಕ್ಷಮಿಸಿಬಿಡಿ. ಅವಳು ಆಡಿದ್ದು ಹೆದರಿಕೆಯ ಮಾತು. ನಿಮ್ಮಲ್ಲಿ ಏನೋ ಒಂದು ಕೊರತೆ ಸಿಕ್ಕಿದರೆ, ಇಂಥದ್ದು ತನ್ನ ಮನೆಗೆ ಬರಲಾರದೆಂಬ ಧೈರ್ಯ ಅವಳಿಗೆ.

ಮಾರ್ಕನ 9ನೇ ಅಧ್ಯಾಯದಲ್ಲಿ ಮೂರ್ಛೆ ಹೋಗುವ ಮಗನನ್ನು ಕರೆದುಕೊಂಡು ಬಂದ ತಂದೆಯೊಬ್ಬನಿದ್ದಾನೆ. ನಂಬುತ್ತೇನೆ ಎಂದವನೇ ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೂ ಸಹಾಯ ಬೇಡುತ್ತಾನೆ. ನಂಬಿಕೆ ತುಂಬಿದ ಮೇಲೆ ಬಾ ಎಂದು ಕರ್ತನು ಅವನನ್ನು ಹಿಂದಕ್ಕೆ ಕಳಿಸಲಿಲ್ಲ. ಆ ಅರ್ಧ ನಂಬಿಕೆಯನ್ನೇ ಕೈಯಲ್ಲಿ ತೆಗೆದುಕೊಂಡನು.

ಆ ತಂದೆಗೆ ಮಗ ಸಿಕ್ಕಿದ, ನನಗೆ ನನ್ನ ಗಂಡ ಸಿಗಲಿಲ್ಲ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಯಾಕೆ ಹಾಗಾಯಿತೆಂದು ನಾನು ಹೇಳಲಾರೆ. ನಾಲ್ವತ್ತು ವರ್ಷ ಸಭಾಪಾಲನೆ ಮಾಡಿದವನ ಹತ್ತಿರವೂ ಅದಕ್ಕೆ ಉತ್ತರವಿಲ್ಲ. ಆದರೆ ಗೆತ್ಸೇಮನೆಯ ತೋಟವನ್ನು ನೆನೆಯಿರಿ. ಕರ್ತನು ಬೋರಲು ಬಿದ್ದು, ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಮೂರು ಸಲ ಬೇಡಿದನು. ಆ ಪಾತ್ರೆ ಆತನಿಂದ ತೊಲಗಲಿಲ್ಲ. ಕೇಳಿದ್ದು ಸಿಗದಿದ್ದುದು ನಂಬಿಕೆಯ ಕೊರತೆಗೆ ಗುರುತಾದರೆ, ಆ ರಾತ್ರಿ ಗೆತ್ಸೇಮನೆಯಲ್ಲಿ ಕೊರತೆ ಯಾರದಾಗಿತ್ತು?

ನನ್ನದೊಂದು ಸಂಗತಿ ಹೇಳುತ್ತೇನೆ. ಸೇವೆಗೆ ಸೇರಿದ ಆರನೇ ವರ್ಷ ನಮ್ಮ ಏಳು ತಿಂಗಳ ಕೂಸು ತೀರಿಕೊಂಡಿತು. ಮುಂದಿನ ಭಾನುವಾರವೇ ನಾನು ಆರಾಧನೆ ನಡೆಸಿದೆ. ಪುಸ್ತಕದಲ್ಲಿದ್ದ ಪ್ರಾರ್ಥನೆಗಳನ್ನು ಓದಿದೆ, ಅಷ್ಟೆ. ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಪ್ರಾರ್ಥನೆಗೆ ಕೂತರೆ ಗೋಡೆ ನೋಡುತ್ತಿದ್ದೆವು. ನಮ್ಮ ಸಭೆಯಲ್ಲಿ ಓದುಬರಹ ಬಾರದ ಒಬ್ಬ ಅಜ್ಜಿ ಇದ್ದರು. ದಿನಾ ಸಂಜೆ ಬಂದು ಪಡಸಾಲೆಯಲ್ಲಿ ಕುಳಿತು, "ಅಯ್ಯನವರ, ನೀವು ಸುಮ್ಮ ಕುಂದರ್ರಿ. ನಿಮ್ಮ ಪಾಲಿಂದು ನಾ ಮಾಡ್ತೀನಿ" ಎಂದು ಹೇಳಿ, ನಮ್ಮಿಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡಿ ಎದ್ದು ಹೋಗುತ್ತಿದ್ದರು. ಹೆಚ್ಚು ಕಡಿಮೆ ಒಂದು ವರ್ಷ ನಡೆಯಿತು ಇದು. ಕಪೆರ್ನೌಮಿನಲ್ಲಿ ಮಾಳಿಗೆ ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಇಳಿಸಿದ ನಾಲ್ವರ ಕಥೆ ನನಗೆ ತಿಳಿದದ್ದು ಆಗ. ಹಾಸಿಗೆಯ ಮೇಲಿದ್ದವನು ಒಂದು ಮಾತೂ ಆಡಿದಂತೆ ಬರೆದಿಲ್ಲ. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು.

ನಿಮಗೂ ಈಗ ಹೊರುವವರು ಬೇಕು. ನಿಮ್ಮ ಸ್ತ್ರೀಯರ ಕೂಟದಲ್ಲಿ ಹೆಚ್ಚು ಮಾತಾಡದ ಒಬ್ಬಿಬ್ಬರು ಇದ್ದೇ ಇರುತ್ತಾರೆ. ವಾರಕ್ಕೊಮ್ಮೆ ಮನೆಗೆ ಬಂದು ನಿಮ್ಮ ಪಾಲಿನ ಪ್ರಾರ್ಥನೆ ಮಾಡಿ ಹೋಗಲು ಅವರನ್ನು ಕೇಳಿ. ಕೇಳಲು ಸಂಕೋಚ ಬೇಡ. ಭಾನುವಾರ ತುಟಿ ಮಾತ್ರ ಆಡಿಸಿದರೂ ಹೋಗಿ ಕುಳಿತುಕೊಳ್ಳಿ. ಪಕ್ಕದವರು ಹಾಡುತ್ತಿರುತ್ತಾರೆ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದೆ, ಕೆಲಸ ಹೋಯಿತು. ಎರಡು ತಿಂಗಳ ಇಎಂಐ ಬಾಕಿ. ಒಬ್ಬ ಬೋಧಕರು ₹25,000 "ಬೀಜದ ಕಾಣಿಕೆ" ಕೊಟ್ಟರೆ ದೇವರು ನೂರರಷ್ಟು ಕೊಡುತ್ತಾನೆ, ಹಿಂದೆಮುಂದೆ ನೋಡಿದರೆ ಅದೇ ಅಪನಂಬಿಕೆ ಅನ್ನುತ್ತಾರೆ. ಹೆಂಡತಿಯ ಬಳೆ ಅಡ ಇಡಬೇಕಾಗುತ್ತದೆ. ಕೊಡಲೇ?
– ಒಬ್ಬ ಸಹೋದರ, ಬೆಂಗಳೂರು

ಉತ್ತರ: ಕೊಡಬೇಡಿ. ಎರಡನೇ ಅರಸುಗಳ ಗ್ರಂಥದ 4ನೇ ಅಧ್ಯಾಯ ಓದಿ. ಸಾಲಗಾರನು ಮಕ್ಕಳನ್ನೇ ಎಳೆದೊಯ್ಯಲು ಬಂದಿದ್ದ ವಿಧವೆಯೊಬ್ಬಳು ಎಲೀಷನ ಹತ್ತಿರ ಓಡಿಬರುತ್ತಾಳೆ. ಪ್ರವಾದಿ ಅವಳಿಂದ ಒಂದು ಕಾಸೂ ಕೇಳುವುದಿಲ್ಲ. ಮನೆಯಲ್ಲಿ ಏನಿದೆ ಎಂದು ವಿಚಾರಿಸುತ್ತಾನೆ. ಎಣ್ಣೆ ಹೆಚ್ಚಿದ ಮೇಲೂ, ಅದನ್ನು ಮಾರಿ ಮೊದಲು ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ ಎಂದು ಹೇಳಿ ಕಳಿಸುತ್ತಾನೆ. ನಿಮ್ಮ ಬೋಧಕರಿಗೂ ಈ ಅಧ್ಯಾಯ ತೋರಿಸಿ. ಬಳೆ ಮನೆಯಲ್ಲಿರಲಿ. ಮುಂದಿನ ಕಂತಿಗೆ ಮೊದಲೇ ಬ್ಯಾಂಕಿಗೆ ಹೋಗಿ ಕೆಲಸ ಹೋದದ್ದನ್ನು ಲಿಖಿತವಾಗಿ ತಿಳಿಸಿ, ಕಂತು ಇಳಿಸಿ ಅವಧಿ ಹೆಚ್ಚಿಸಲು ಕೇಳಿ. ನಿಮ್ಮ ಸಭಾಪಾಲಕರಿಗೂ ಹೇಳಿ. ಸಭೆಯಲ್ಲಿ ಕೆಲಸ ಕೊಡಿಸಬಲ್ಲವರು ಯಾರಾದರೂ ಇರಬಹುದು.

ಪ್ರಶ್ನೆ: ಕುವೈತಿನಲ್ಲಿ ನರ್ಸ್ ಆಗಿದ್ದೇನೆ. ಊರಲ್ಲಿ ಅಪ್ಪ ತೀರಿಕೊಂಡಾಗ ರಜೆ ಸಿಗಲಿಲ್ಲ. ಮೊಬೈಲಿನಲ್ಲಿ ಮಣ್ಣು ನೋಡಿದೆ. ಅವತ್ತು ರಾತ್ರಿ ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಬಿಟ್ಟು ದೇವರಿಗೆ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಈಗ ಹೆದರಿಕೆಯಾಗುತ್ತಿದೆ. ಇದಕ್ಕೆ ಕ್ಷಮೆ ಉಂಟಾ?
– ಒಬ್ಬ ಸಹೋದರಿ, ಉಡುಪಿ ಜಿಲ್ಲೆ

ಉತ್ತರ: ಉಂಟು ಮಗಳೇ. ನೀನು ಬೈದದ್ದಕ್ಕೆ ಸತ್ಯವೇದದಲ್ಲೇ ಜಾಗವೂ ಉಂಟು. 88ನೇ ಕೀರ್ತನೆಯನ್ನು ತೆರೆದು ನೋಡು. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಅಳುತ್ತಾ ಹೊರಟು ಕೊನೆಗೆ ಒಂದು ಸ್ತುತಿಯ ಮಾತಿಗೆ ಬಂದು ನಿಲ್ಲುತ್ತವೆ. ಇದು ಹಾಗೆ ನಿಲ್ಲುವುದಿಲ್ಲ. ದೇವರು ತನ್ನನ್ನು ಗುಂಡಿಗೆ ತಳ್ಳಿದ, ಆಪ್ತರನ್ನು ದೂರ ಮಾಡಿದ ಎಂದು ದೂರುತ್ತಾ ಹೋಗುತ್ತದೆ. ಮೂಲ ಹೀಬ್ರೂವಿನಲ್ಲಿ ಅದರ ಕಟ್ಟಕಡೆಯ ಪದ ಕತ್ತಲೆ. ಈ ಕೀರ್ತನೆಗೆ ಒಂದು ಒಳ್ಳೆಯ ಮುಕ್ತಾಯ ಸೇರಿಸೋಣವೆಂದು ಶತಮಾನಗಳುದ್ದಕ್ಕೂ ನಕಲು ಮಾಡಿದವರಲ್ಲಿ ಯಾರೂ ಕೈಹಾಕಲಿಲ್ಲ. ಕತ್ತಲೆಯಲ್ಲೇ ಮುಗಿಯುವ ಈ ಕೂಗೂ ಆರಾಧನೆಯಲ್ಲಿ ಹಾಡುವ ಪುಸ್ತಕದೊಳಗೆ ಹಾಗೆಯೇ ಉಳಿದಿದೆ. ಯೆರೆಮೀಯನಂತೂ ತನ್ನ 20ನೇ ಅಧ್ಯಾಯದಲ್ಲಿ ದೇವರು ತನಗೆ ಮೋಸ ಮಾಡಿದನೆಂದೇ ಹೇಳಿಬಿಡುತ್ತಾನೆ. ಪ್ರಲಾಪಗಳು ಎಂಬ ಹೆಸರಿನ ಒಂದು ಗ್ರಂಥವನ್ನೇ ನಮ್ಮ ಕೈಗೆ ಕೊಟ್ಟಿರುವಾಗ, ಪ್ರಲಾಪಿಸಿದವಳು ಹೆದರಬೇಕೇ?

ಗುಡ್ ಫ್ರೈಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಮ್ಮ ಚರ್ಚುಗಳಲ್ಲಿ ಶಿಲುಬೆಯ ಏಳು ಮಾತುಗಳನ್ನು ಧ್ಯಾನಿಸುತ್ತೇವಲ್ಲ, ನಾಲ್ಕನೆಯದನ್ನು ನೆನಪು ಮಾಡಿಕೋ. ಕೈಬಿಟ್ಟದ್ದೇಕೆಂದು ದೇವರ ಮಗನೇ ದೇವರನ್ನು ಕೇಳಿದ ಮಾತು ಅದು. ಆ ಮಾತಿನ ಸರದಿ ಬಂದವರು ಅದನ್ನು ಸಮಾಧಾನ ಹೇಳಿ ಬೇಗ ದಾಟಿಸಿಬಿಡುವುದನ್ನು ನಾನು ಬಹಳ ಕಂಡಿದ್ದೇನೆ. ದಾಟಿಸಬಾರದು. ಆತನು ಕೂಗಿದ್ದು ದೇವರ ಕಡೆಗೇ. ನೀನು ಬಚ್ಚಲಲ್ಲಿ ಬೈದದ್ದೂ ಆತನಿಗೇ. ದೇವರಿಲ್ಲವೆಂದು ತಿಳಿದವಳು ನಲ್ಲಿ ಬಿಟ್ಟುಕೊಂಡು ಯಾರಿಗೆ ಬೈದಾಳು? ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅಪ್ಪನ ಸಮಾಧಿಯ ಹತ್ತಿರ ಅಮ್ಮನ ಜೊತೆ ಒಂದು ಗಂಟೆ ಕುಳಿತುಕೊ. ಕಾಣದೆ ಹೋದ ಮಣ್ಣಿಗೆ ಬಾಕಿ ಉಳಿದ ಅಳು ಅದು. ಅತ್ತುಬಿಡು.

ಪ್ರಶ್ನೆ: ಡಿಗ್ರಿ ಓದುತ್ತಿದ್ದೇನೆ. ಎರಡು ತಿಂಗಳಿಂದ ಬೆಳಿಗ್ಗೆ ಏಳಲು ಆಗುತ್ತಿಲ್ಲ, ಊಟ ಸೇರುವುದಿಲ್ಲ, ಕಾಲೇಜು ಬಿಟ್ಟಿದ್ದೇನೆ. ನಾನು ಇಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಅನ್ನಿಸುತ್ತದೆ. ಯುವಜನ ಕೂಟದವರು ಪ್ರಾರ್ಥನೆ ಕಡಿಮೆಯಾಗಿದೆ, ಉಪವಾಸ ಮಾಡು ಅಂದರು.
– ಒಬ್ಬ ಯುವಕ, ಶಿವಮೊಗ್ಗ

ಉತ್ತರ: ಮಗನೇ, ಉಪವಾಸ ಬೇಡ. ಊಟ ಮಾಡು. ಈ ಪುಟವನ್ನು ಇವತ್ತೇ ಮನೆಯಲ್ಲಿ ಒಬ್ಬರಿಗೆ ತೋರಿಸಿ, ನನಗೆ ಹೀಗಾಗುತ್ತಿದೆ ಎಂದು ಹೇಳು. ಒಬ್ಬನೇ ಇರಬೇಡ. 14416ಕ್ಕೆ ಕರೆ ಮಾಡು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಈ ವಾರವೇ ಹೋಗು. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಕಾಮಾಲೆಯಾದರೆ ವೈದ್ಯರ ಹತ್ತಿರ ಹೋಗುವುದು ಹೇಗೆ ಅಪನಂಬಿಕೆಯಲ್ಲವೋ ಇದೂ ಹಾಗೆಯೇ.

ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಎಲೀಯನೇ, ಅದಾದ ಸ್ವಲ್ಪದರಲ್ಲೇ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದ. ದೇವದೂತನು ಬಂದು ಅವನಿಗೆ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟು ಎಬ್ಬಿಸಿದ. ತಿಂದವನು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಉಣ್ಣಿಸಿದ. ದೇವರ ಮಾತು ಬಂದದ್ದು ಆಮೇಲೆ.

ಆಂಗ್ಲ ಕವಿ ವಿಲಿಯಂ ಕೂಪರ್ 1773ರಲ್ಲಿ ಇಂಥದೇ ಕತ್ತಲೆಗೆ ಬಿದ್ದವನು. ದೇವರು ತನ್ನನ್ನು ತಳ್ಳಿಬಿಟ್ಟಿದ್ದಾನೆಂಬ ಭಯ 1800ರಲ್ಲಿ ಸಾಯುವವರೆಗೂ ಅವನನ್ನು ಬಿಡಲಿಲ್ಲ. ಅವನ ಸಭಾಪಾಲಕ ಜಾನ್ ನ್ಯೂಟನ್ ಅವನನ್ನು ತಿಂಗಳುಗಟ್ಟಲೆ ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡ. ಆ ಕಾಲದಲ್ಲಿ ಇದಕ್ಕೆ ಔಷಧವಿರಲಿಲ್ಲ, ನಿನ್ನ ಕಾಲದಲ್ಲಿ ಇದೆ. ಕೂಪರ್ ಬರೆದ ಗೀತೆಗಳನ್ನು ಲೋಕದ ಸಭೆಗಳು ಇವತ್ತಿಗೂ ಹಾಡುತ್ತಿವೆ.

ಪ್ರಶ್ನೆ: ನಿವೃತ್ತ ಶಾಲಾ ಮೇಷ್ಟ್ರು, 74 ವರ್ಷ. ಚಿಕ್ಕಂದಿನಿಂದ ದೇವರ ಸಮೀಪದಲ್ಲೇ ಬೆಳೆದವನು. ಮೂರು ವರ್ಷಗಳಿಂದ ಪ್ರಾರ್ಥನೆಯಲ್ಲಿ ಏನೂ ಅನ್ನಿಸುವುದಿಲ್ಲ, ಬತ್ತಿದ ಬಾವಿಗೆ ಕೊಡ ಇಳಿಸಿದ ಹಾಗೆ. ಆದರೂ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಇದು ಬೂಟಾಟಿಕೆ ಅಲ್ಲವೇ?
– ಚಾಮರಾಜನಗರ

ಉತ್ತರ: ಅಲ್ಲ ಮೇಷ್ಟ್ರೇ. ಮದರ್ ತೆರೇಸಾ ಸತ್ತು ಹತ್ತು ವರ್ಷವಾದ ಮೇಲೆ, 2007ರಲ್ಲಿ ಅವರ ಖಾಸಗಿ ಪತ್ರಗಳು ಪ್ರಕಟವಾದವು. ಕೋಲ್ಕತ್ತದ ಬೀದಿಗಳಲ್ಲಿ ಕೆಲಸ ಶುರುಮಾಡಿದ ದಿನಗಳಿಂದ ಹೆಚ್ಚು ಕಡಿಮೆ ಐವತ್ತು ವರ್ಷ, ನಡುವೆ ಒಂದು ಸಣ್ಣ ಬಿಡುವು ಬಿಟ್ಟರೆ, ಆಕೆಗೆ ಪ್ರಾರ್ಥನೆಯಲ್ಲಿ ದೇವರ ಸಮೀಪ ತಿಳಿದಿರಲಿಲ್ಲ ಎಂದು ಲೋಕಕ್ಕೆ ಗೊತ್ತಾದದ್ದು ಆಗ. ಅಷ್ಟು ವರ್ಷವೂ ಬೆಳಗಿನ ಜಾವ ಎದ್ದು ಮೊಣಕಾಲೂರಿ, ಆಮೇಲೆ ಸಾಯುವವರ ಮೈ ತೊಳೆಯಲು ಹೋಗುತ್ತಿದ್ದರು. ಫ್ರಾನ್ಸಿನ ಲಿಸಿಯೂ ಮಠದ ತೆರೇಸಾ ಕ್ಷಯರೋಗದಿಂದ 24ನೇ ವಯಸ್ಸಿಗೆ, 1897ರಲ್ಲಿ ತೀರಿಕೊಂಡಳು. ಕೊನೆಯ ಒಂದೂವರೆ ವರ್ಷ ಪರಲೋಕವಿದೆ ಎಂಬುದೇ ಮನಸ್ಸಿಗೆ ಹತ್ತದೆ, ನಂಬಿಕೆಯ ಪ್ರಮಾಣವನ್ನು ತನ್ನ ರಕ್ತದಲ್ಲಿ ಬರೆದು ಎದೆಯ ಮೇಲೆ ಇಟ್ಟುಕೊಂಡಿದ್ದಳು. ನಾವು ಪ್ರಾಟೆಸ್ಟೆಂಟರು ಇವರಿಬ್ಬರ ವಿಷಯ ಅಷ್ಟಾಗಿ ಓದುವುದಿಲ್ಲ. ಓದಬೇಕು.

ಅನ್ನಿಸುವುದು ನಿಂತ ಮೇಲೂ ನೀವು ಭಾನುವಾರ ಎದ್ದು, ಅಂಗಿ ಇಸ್ತ್ರಿ ಮಾಡಿಕೊಂಡು, ಮಕ್ಕಳ ಮುಂದೆ ಹೋಗಿ ನಿಲ್ಲುತ್ತಿದ್ದೀರಿ. ಇಷ್ಟು ವರ್ಷ ಸಿಹಿಯಾಗಿದ್ದಾಗ ಹೋದದ್ದಕ್ಕಿಂತ ಇದಕ್ಕೆ ಹೆಚ್ಚಿನ ಬೆಲೆಯಿದೆ ಎಂದು ನಾನು ನಂಬುತ್ತೇನೆ. ಸೆರೆಮನೆಯೊಳಗಿದ್ದ ಸ್ನಾನಿಕ ಯೋಹಾನನು, ಬರಬೇಕಾದವನು ನೀನೋ ಅಥವಾ ಬೇರೊಬ್ಬನಿಗೆ ಕಾಯಬೇಕೋ ಎಂದು ಕೇಳಿ ಕಳಿಸಿದ್ದನಲ್ಲ. ಯೊರ್ದನಿನಲ್ಲಿ ಕೈಯೆತ್ತಿ ಲೋಕಕ್ಕೆ ತೋರಿಸಿದವನೇ ಹೀಗೆ ಕೇಳಿದ್ದು. ಕೇಳಿದವರು ಹಿಂದಿರುಗಿದ ಕೂಡಲೇ ಕರ್ತನು ಜನರ ಮುಂದೆ ಯೋಹಾನನನ್ನು ಹೊಗಳಿದನು. ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಅವನಿಗಿಂತ ದೊಡ್ಡವನಿಲ್ಲವೆಂದನು.

ನಿಮ್ಮಿಂದ ಒಂದು ಉಪಕಾರ ಬೇಕು. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳಲು ಏಳುವವರೆಲ್ಲ ಕಷ್ಟ ಮುಗಿದವರು. ರೋಗ ವಾಸಿಯಾದವರು, ಕೆಲಸ ಸಿಕ್ಕಿದವರು, ಮಗಳಿಗೆ ಗಂಡು ಗೊತ್ತಾದವರು. ಕಷ್ಟದ ನಡುವೆ ಇರುವವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೇಳುತ್ತಿರುತ್ತಾರೆ. ಮೇಲೆ ಬರೆದ ನಾಲ್ವರಂಥವರು ನಿಮ್ಮ ಸಭೆಯಲ್ಲೂ ಇದ್ದಾರೆ. ಮುಂದಿನ ಕೂಟದಲ್ಲಿ ಸಾಕ್ಷಿಗೆ ಕರೆದಾಗ ದಯವಿಟ್ಟು ಎದ್ದು ನಿಂತು, ಮೂರು ವರ್ಷಗಳಿಂದ ನನ್ನ ಬಾವಿ ಬತ್ತಿದೆ, ಆದರೂ ದಿನಾ ಕೊಡ ಇಳಿಸುತ್ತಿದ್ದೇನೆ ಎಂದು ಅವರ ಕಿವಿಗೆ ಬೀಳುವಂತೆ ಹೇಳಿ, ಮೇಷ್ಟ್ರೇ.