ಟೊಂಗರಿರೊ ಚಾರಣ: ಶಟಲ್ ಗೊತ್ತು ಮಾಡುವಲ್ಲಿಂದಲೇ ತಯಾರಿ

ನ್ಯೂಜಿಲೆಂಡಿನ ಉತ್ತರ ದ್ವೀಪದ ನಟ್ಟನಡುವೆ ಮೂರು ಜ್ವಾಲಾಮುಖಿಗಳು ಸಾಲಾಗಿ ನಿಂತಿವೆ: ಟೊಂಗರಿರೊ, ನ್ಗೌರುಹೊಯೆ, ರುವಪೆಹು. ಇವುಗಳಲ್ಲಿ ಮೊದಲಿನ ಎರಡರ ನಡುವಿನ ಕುಳಿಗಳನ್ನು ಹಾದು ಹೋಗುವ ಟೊಂಗರಿರೊ ಆಲ್ಪೈನ್ ಕ್ರಾಸಿಂಗ್ ಆ ದೇಶದ ಅತಿ ಹೆಸರುವಾಸಿ ಒಂದು ದಿನದ ಚಾರಣ. ದೂರ ಸುಮಾರು 20 ಕಿ.ಮೀ. ಬೇಸಿಗೆಯಲ್ಲಿ, ಹವೆ ಚೆನ್ನಾಗಿರುವ ದಿನ ಗೈಡ್ ಬೇಕಾಗುವುದಿಲ್ಲ. ದಾರಿಯುದ್ದಕ್ಕೂ ಗುರುತಿನ ಗೂಟಗಳಿವೆ, ನಡೆಯುವ ಅಭ್ಯಾಸ ಇದ್ದವರು ತಾವೇ ಹೋಗಿ ಬರಬಹುದು.

ತೊಡಕು ಇರುವುದು ಬೇರೆ ಕಡೆ. ಈ ದಾರಿ ಸುತ್ತಿ ಬಂದು ಹೊರಟ ಜಾಗಕ್ಕೇ ಸೇರುವುದಿಲ್ಲ. ಪಶ್ಚಿಮದ ಮಂಗಟೆಪೊಪೊದಲ್ಲಿ ಶುರುವಾಗಿ ಬೆಟ್ಟದ ಉತ್ತರ ಮಗ್ಗುಲಿನ ಕೆಟೆಟಹಿಯಲ್ಲಿ ಮುಗಿಯುತ್ತದೆ. ನಡೆಯಲು 7ರಿಂದ 8 ತಾಸು ಬೇಕು. ಚಾರಣದ ಋತುವಿನಲ್ಲಿ ಮಂಗಟೆಪೊಪೊದಲ್ಲಿ ಕಾರು ನಿಲ್ಲಿಸಲು ಬಿಡುವುದು 4 ತಾಸು ಮಾತ್ರ. ಹಾಗಾಗಿ ಎಲ್ಲರೂ ಶಟಲ್ ಹಿಡಿಯಲೇಬೇಕು.

ಬಹಳ ಮಂದಿ ವಿಮಾನ, ಹೋಟೆಲ್ ಎಲ್ಲ ಮುಗಿಸಿ ಕೊನೆಗೆ ಸಿಕ್ಕಿದ ಶಟಲ್‌ಗೆ ಸೀಟು ಹಾಕಿಸುತ್ತಾರೆ. ನನ್ನ ಸಲಹೆ ತಿರುಗುಮುರುಗು: ಮೊದಲು ಶಟಲ್ ವಿಚಾರಿಸಿ, ಮಿಕ್ಕಿದ್ದನ್ನು ಅದರ ಸುತ್ತ ಹೊಂದಿಸಿ. ಹವೆ ಕೆಟ್ಟರೆ ದಿನ ಬದಲಿಸಲು ಆಗಬೇಕು, ಅರ್ಧದಿಂದ ಹಿಂದಿರುಗಿದರೂ ವಾಹನ ಸಿಗಬೇಕು. ಈ ಎರಡು ಗ್ಯಾರಂಟಿ ಇದ್ದರೆ ಬೆಟ್ಟದ ಮೇಲೆ ತಪ್ಪು ನಿರ್ಧಾರ ಮಾಡುವ ಒತ್ತಡವೇ ಬರುವುದಿಲ್ಲ.

ಒಂದು ದಿನದ ಚಾರಣಕ್ಕೆ ಮೂರು ದಿನ

ಸಾಮಾನ್ಯ ಚಾರಣಿಗರ ಋತು ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ. ನಮ್ಮಲ್ಲಿ ಚಳಿ ಬಿದ್ದಾಗ ಅಲ್ಲಿ ಬೇಸಿಗೆ. ಡಿಸೆಂಬರ್, ಜನವರಿಯಲ್ಲಿ ಸಂಜೆ ಎಂಟರ ನಂತರವೂ ಬೆಳಕಿರುತ್ತದೆ, ಆದರೆ ಜನಜಂಗುಳಿಯೂ ಆಗಲೇ ಹೆಚ್ಚು. ಫೆಬ್ರುವರಿ ಮತ್ತು ಮಾರ್ಚ್ ನನಗೆ ಹೆಚ್ಚು ಒಪ್ಪುವ ತಿಂಗಳುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆಲ್ಲ ಹಿಮ, ಮಂಜುಗಡ್ಡೆ. ಐಸ್ ಆ್ಯಕ್ಸ್, ಕ್ರ್ಯಾಂಪನ್ ಹಿಡಿದು ನಡೆಯುವ ತರಬೇತಿ, ಹಿಮಕುಸಿತದ ತಿಳಿವಳಿಕೆ ಎರಡೂ ಬೇಕು. ನಮ್ಮ ಶಾಲೆಗಳ ಬೇಸಿಗೆ ರಜೆ ನೋಡಿಕೊಂಡು ಮೇ ತಿಂಗಳಲ್ಲಿ ಹೊರಡುವವರು ಇದನ್ನು ಗಮನಿಸಬೇಕು: ಆ ಹೊತ್ತಿಗೆ ಅಲ್ಲಿ ಋತು ಮುಗಿದಿರುತ್ತದೆ.

ಎತ್ತರದ ಅಂಕಿ ನೋಡಿ ಹಗುರವಾಗಿ ತೆಗೆದುಕೊಳ್ಳುವುದು ಬೇಡ. ದಾರಿಯ ಅತಿ ಎತ್ತರದ ಜಾಗವಾದ ರೆಡ್ ಕ್ರೇಟರ್ ಏಣು 1,886 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ. ಮುಳ್ಳಯ್ಯನಗಿರಿ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಟೊಂಗರಿರೊ ದಕ್ಷಿಣಕ್ಕೆ 39 ಡಿಗ್ರಿಯಲ್ಲಿದೆ, ಸುತ್ತ ಗಾಳಿಗೆ ತಡೆ ಎಂಬುದೇ ಇಲ್ಲ. ಕೆಳಗೆ ಬಿಸಿಲು ಕಾಯುತ್ತಿರುವಾಗಲೇ ಮೇಲೆ ಮಂಜು ಮುಸುಕಿ, ಕಾಲೂರಲಾಗದಂಥ ಗಾಳಿ ಎದ್ದಿರಬಹುದು. ನಡುಬೇಸಿಗೆಯಲ್ಲೂ ಹಿಮ ಬಿದ್ದ ಉದಾಹರಣೆಗಳಿವೆ. ಆದ್ದರಿಂದ ಆ ಪ್ರದೇಶದಲ್ಲಿ ಕನಿಷ್ಠ ಮೂರು ದಿನ ಇರುವಂತೆ ಯೋಜಿಸಿ, ಮೂರರಲ್ಲಿ ಒಳ್ಳೆಯ ದಿನವನ್ನು ಆರಿಸಿಕೊಳ್ಳಿ. ಆ ದೇಶದ ಹವಾಮಾನ ಸಂಸ್ಥೆ ಮೆಟ್‌ಸರ್ವಿಸ್ ಟೊಂಗರಿರೊ ಬೆಟ್ಟಗಳಿಗೇ ಪ್ರತ್ಯೇಕ ಮುನ್ಸೂಚನೆ ಕೊಡುತ್ತದೆ. ಪೇಟೆಯ ಹವೆ ನೋಡಿ ಹೊರಡಬೇಡಿ.

ಎಲ್ಲಿ ಉಳಿಯುವುದು, ಯಾವ ಶಟಲ್ ಹಿಡಿಯುವುದು

ಆಕ್ಲೆಂಡ್‌ನಿಂದ ಕಾರಿನಲ್ಲಿ ನಾಲ್ಕೂವರೆ ತಾಸಿನ ಆಸುಪಾಸು. ಆಕ್ಲೆಂಡ್ ಮತ್ತು ವೆಲ್ಲಿಂಗ್ಟನ್ ನಡುವಿನ ‘ನಾರ್ದರ್ನ್ ಎಕ್ಸ್‌ಪ್ಲೋರರ್’ ರೈಲು ನ್ಯಾಷನಲ್ ಪಾರ್ಕ್ ಎಂಬ ಊರಿನಲ್ಲಿ ನಿಲ್ಲುತ್ತದೆ, ಆದರೆ ಅದು ದಿನವೂ ಓಡುವುದಿಲ್ಲ. ಉಳಿಯಲು ನ್ಯಾಷನಲ್ ಪಾರ್ಕ್ ವಿಲೇಜ್, ಫಕಪಾಪಾ, ಟೂರಂಗಿ, ಓಹಕುನೆ ಇವೆ. ಟೌಪೊ ದೊಡ್ಡ ಊರು, ಹೋಟೆಲ್‌ಗಳೂ ಹೆಚ್ಚು. ಆದರೆ ಅಲ್ಲಿಂದ ಚಾರಣದ ಬಾಗಿಲಿಗೆ ಒಂದೂವರೆ ತಾಸಿನ ಪ್ರಯಾಣ, ನಿದ್ದೆ ಬಿಟ್ಟು ಏಳಬೇಕು. ನ್ಯಾಷನಲ್ ಪಾರ್ಕ್ ವಿಲೇಜ್ ಅಥವಾ ಟೂರಂಗಿ ಹೆಚ್ಚು ಅನುಕೂಲ.

ಶಟಲ್‌ಗಳಲ್ಲಿ ಎರಡು ಬಗೆ. ಮೊದಲನೆಯದು ಊರಿನಿಂದ ಕರೆದೊಯ್ದು ಮಂಗಟೆಪೊಪೊದಲ್ಲಿ ಇಳಿಸಿ, ಮಧ್ಯಾಹ್ನದಿಂದ ಸಂಜೆಯವರೆಗೆ ಗೊತ್ತಾದ ಹೊತ್ತಿಗೆ ಕೆಟೆಟಹಿಯಿಂದ ವಾಪಸು ತರುತ್ತದೆ. ಕಾರಿಲ್ಲದವರಿಗೆ ಇದೇ ದಾರಿ. ಎರಡನೆಯದು ಪಾರ್ಕ್ ಆ್ಯಂಡ್ ರೈಡ್. ನಿಮ್ಮ ಬಾಡಿಗೆ ಕಾರನ್ನು ಕೆಟೆಟಹಿ ಬದಿಯ ಪಾರ್ಕಿಂಗ್ ಜಾಗದಲ್ಲಿ ಬಿಟ್ಟು, ಬೆಳಿಗ್ಗೆ ಶಟಲ್‌ನಲ್ಲಿ ಮಂಗಟೆಪೊಪೊಗೆ ಹೋಗಿ, ಅಲ್ಲಿಂದ ನಿಮ್ಮ ಕಾರಿನ ಕಡೆಗೇ ನಡೆದು ಬರುವುದು.

ಕಾರಿದ್ದರೆ ಎರಡನೆಯದನ್ನೇ ಹಿಡಿಯಿರಿ. ಸಂಜೆಯ ಕೊನೆಯ ಶಟಲ್ ತಪ್ಪೀತೆಂಬ ಆತಂಕ ಇರುವುದಿಲ್ಲ. ಮಂಡಿನೋವಿನವರು, ಮಕ್ಕಳಿರುವವರು ತಮ್ಮ ವೇಗದಲ್ಲಿ ಇಳಿಯಬಹುದು. ಗಡಿಯಾರ ನೋಡಿಕೊಂಡು ಓಡುವವರೇ ಕೊನೆಯ ಇಳಿಜಾರಿನಲ್ಲಿ ಕಾಲು ಉಳುಕಿಸಿಕೊಳ್ಳುವುದು. ಕಾರು ಬಿಡುವ ಜಾಗ ಯಾವುದೆಂದು ಶಟಲ್‌ನವರನ್ನೇ ಕೇಳಿ. ರಸ್ತೆ ಬದಿಯಲ್ಲಿ ಸಿಕ್ಕಲ್ಲಿ ನಿಲ್ಲಿಸಿದರೆ ದಂಡ ಬೀಳಬಹುದು.

ಟಿಕೆಟ್ ತೆಗೆದುಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಹವೆ ಕೆಟ್ಟು ನೀವು ರದ್ದು ಮಾಡಿದರೆ ಹಣ ವಾಪಸು ಬರುತ್ತದೆಯೇ, ಇಲ್ಲವೇ ಮರುದಿನಕ್ಕೆ ಬದಲಿಸುತ್ತೀರಾ? ನಾವು ಅರ್ಧದಿಂದ ಮಂಗಟೆಪೊಪೊಗೇ ಹಿಂದಿರುಗಿದರೆ ಅಲ್ಲಿಂದ ಹತ್ತಿಸಿಕೊಳ್ಳುವವರು ಯಾರು, ಯಾವ ನಂಬರಿಗೆ ಫೋನ್ ಮಾಡಬೇಕು? ಕೊನೆಯ ವಾಹನ ಎಷ್ಟು ಹೊತ್ತಿಗೆ? ಇದರಲ್ಲಿ ನಡುವಿನದನ್ನು ಕೇಳುವವರು ಕಡಿಮೆ, ಬೆಟ್ಟದಲ್ಲಿ ಅಗತ್ಯ ಬೀಳುವುದು ಅದೇ. ಇದರ ಜತೆಗೆ ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆಯ ಜಾಲತಾಣದಲ್ಲಿ ಚಾರಣದ ದಿನಕ್ಕೆ ಹೆಸರು ದಾಖಲಿಸಿ. ಇದಕ್ಕೆ ಶುಲ್ಕವಿಲ್ಲ, ದಾರಿ ಮುಚ್ಚಿದರೆ ನಿಮಗೆ ಸುದ್ದಿ ತಲುಪುತ್ತದೆ.

ಊರಿನಿಂದಲೇ ಶುರುವಾಗುವ ಎರಡು ಕೆಲಸ

ಪಶ್ಚಿಮ ಘಟ್ಟ ಸುತ್ತಿದ ಬೂಟನ್ನೇ ಟೊಂಗರಿರೊಗೂ ಒಯ್ಯುವವರಿದ್ದಾರೆ. ಪಳಗಿದ ಬೂಟು ಒಳ್ಳೆಯದೇ. ಆದರೆ ನ್ಯೂಜಿಲೆಂಡಿನ ಜೈವಿಕ ಸುರಕ್ಷತೆಯ ನಿಯಮ ಬಲು ಬಿಗಿ. ಹಲ್ಲುಜ್ಜುವ ಬ್ರಷ್ ಹಿಡಿದು ಅಟ್ಟೆಯ ಸಂದಿಗಳಲ್ಲಿರುವ ಮಣ್ಣು, ಹುಲ್ಲಿನ ಬೀಜ ಎಲ್ಲ ತೆಗೆದು ತೊಳೆದು ಒಣಗಿಸಿ, ವಿಮಾನ ನಿಲ್ದಾಣದಲ್ಲಿ ಬೂಟು ತಂದಿರುವುದನ್ನು ನಮೂದಿಸಿ. ತಿಂಡಿಗೂ ಇದೇ ಮಾತು. ಚಟ್ನಿಪುಡಿ, ಕೋಡುಬಳೆ, ತುಪ್ಪದ ಉಂಡೆ ಏನೇ ಒಯ್ದರೂ ಘೋಷಿಸಬೇಕು. ಬಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಅನುಮಾನ ಬಂದದ್ದನ್ನೆಲ್ಲ ಘೋಷಿಸಿಬಿಡಿ. ಒಳಗೆ ಬಿಡದಿದ್ದರೆ ತಿಂಡಿ ಹೋಗುತ್ತದೆ, ಅಷ್ಟೇ.

ಇನ್ನು ಚೀಲ. ತಲಾ ಎರಡರಿಂದ ಮೂರು ಲೀಟರ್ ನೀರು ಬೇಕೇ ಬೇಕು. ದಾರಿಯಲ್ಲಿ ತೊರೆ, ಕೆರೆ ಕಂಡರೂ ಅದರಲ್ಲಿ ಜ್ವಾಲಾಮುಖಿಯ ಖನಿಜ ಕರಗಿರುವುದರಿಂದ ಕುಡಿಯುವಂತಿಲ್ಲ. ಅಂಗಡಿಯ ಮಾತೇ ಇಲ್ಲ. ಬಟ್ಟೆಯಲ್ಲಿ ಜೀನ್ಸ್ ಮತ್ತು ಹತ್ತಿ ಬನಿಯನ್ ಬಿಟ್ಟು ಹೊರಡಿ. ಒದ್ದೆಯಾದ ಹತ್ತಿ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಉಡುಪು, ಫ್ಲೀಸ್, ಮೇಲೆ ಗಾಳಿ ಮಳೆ ಎರಡನ್ನೂ ತಡೆಯುವ ಜಾಕೆಟ್ ಮತ್ತು ಪ್ಯಾಂಟು, ಟೋಪಿ, ಕೈಗವಸು. ಆಕಾಶ ತಿಳಿಯಾಗಿದ್ದರೂ ಇವೆಲ್ಲ ಚೀಲದಲ್ಲಿರಲಿ. ಸನ್‌ಸ್ಕ್ರೀನ್ ಮರೆಯಬೇಡಿ, ಅಲ್ಲಿನ ಬಿಸಿಲಿನ ಅತಿನೇರಳೆ ಕಿರಣ ನಮ್ಮ ಮೈಬಣ್ಣದವರನ್ನೂ ಸುಡುತ್ತದೆ. ದಾರಿಯಲ್ಲಿ ಶೌಚಾಲಯ ಇರುವುದು ಕೆಲವೇ ಕಡೆ, ಟಾಯ್ಲೆಟ್ ಪೇಪರ್ ನೀವೇ ಒಯ್ಯಿರಿ. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ತುರ್ತು ಕರೆಗೆ 111.

ದಾರಿ ಹೀಗಿದೆ

ಮಂಗಟೆಪೊಪೊ 1,120 ಮೀಟರ್ ಎತ್ತರದಲ್ಲಿದೆ, ಕೊನೆಯ ಕೆಟೆಟಹಿ ಸುಮಾರು 760 ಮೀಟರ್. ಶಟಲ್‌ಗಳು ಮಂಗಟೆಪೊಪೊದಲ್ಲೇ ಇಳಿಸುವುದಕ್ಕೆ ಇದೇ ಕಾರಣ: ಈ ಕಡೆಯಿಂದ ಹತ್ತುವುದು ಕಡಿಮೆ.

ಮೊದಲ ಒಂದು, ಒಂದೂವರೆ ತಾಸು ಕಣಿವೆಯ ಸಲೀಸು ನಡಿಗೆ. ಹಲಗೆ ಹಾಸಿದ ದಾರಿ, ಎರಡೂ ಬದಿ ಹಳೆಯ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಬಂಡೆ. ಇದು ಸೋಡಾ ಸ್ಪ್ರಿಂಗ್ಸ್‌ವರೆಗೆ. ಅಲ್ಲಿ ಶೌಚಾಲಯ ಇದೆ, ಬಳಸಿಕೊಂಡೇ ಮುಂದೆ ಹೋಗಿ. ಅಲ್ಲಿಂದ ಡೆವಿಲ್ಸ್ ಸ್ಟೇರ್‌ಕೇಸ್ ಎಂಬ ಏರು. ಮೆಟ್ಟಿಲು ಕಟ್ಟಿದ್ದಾರೆ, ಆದರೂ ಏದುಸಿರು ಬರುತ್ತದೆ. ಮೇಲೇರಿದರೆ ಸೌತ್ ಕ್ರೇಟರ್ ಎಂಬ ಚಪ್ಪಟೆ ಬಯಲು. ಬಲಕ್ಕೆ ಶಂಕುವಿನಂತೆ ಎದ್ದು ನಿಂತ 2,287 ಮೀಟರಿನ ನ್ಗೌರುಹೊಯೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದ ಮೌಂಟ್ ಡೂಮ್ ಇದೇ. ಕೊನೆಯ ಬಾರಿ ಸಿಡಿದದ್ದು 1975ರಲ್ಲಿ.

ಬಯಲು ದಾಟಿ ಏಣು ಹತ್ತಿದರೆ ರೆಡ್ ಕ್ರೇಟರ್. ಕಬ್ಬಿಣದ ಅಂಶ ಗಾಳಿ ಹಾಗೂ ಬಿಸಿ ಹಬೆಗೆ ಸಿಕ್ಕಿ ತುಕ್ಕಾದ ಕೆಂಪು ಅದು. ಕುಳಿಯ ಗೋಡೆಯಲ್ಲಿ ಪೊಳ್ಳಾದ ಒಂದು ಕಲ್ಲಿನ ಸೀಳು ಕಾಣುತ್ತದೆ. ಕರಗಿದ ಶಿಲೆ ಮೇಲೇರಿದ ನಾಳ ಅದು, ಒಳಗಿನ ದ್ರವ ಇಳಿದುಹೋಗಿ ಹೊರಗಿನ ಚಿಪ್ಪು ಉಳಿದಿದೆ. ಅವಸರದಲ್ಲಿ ಫೋಟೊ ಹೊಡೆದುಕೊಂಡು ಹೋಗುವವರು ಇದನ್ನು ನೋಡದೇ ಹೋಗುತ್ತಾರೆ, ಐದು ನಿಮಿಷ ನಿಂತು ಹುಡುಕಿ. ಸುತ್ತ ಗಂಧಕದ ವಾಸನೆ, ನೆಲದ ಬಿರುಕುಗಳಿಂದ ಹಬೆ. ಕೆಲವೆಡೆ ಅಂಗೈ ಊರಿದರೆ ಮಣ್ಣೇ ಬೆಚ್ಚಗಿರುತ್ತದೆ.

ಇಡೀ ದಾರಿಯಲ್ಲಿ ಹೆಚ್ಚು ಜನ ಬೀಳುವುದು ಇಲ್ಲಿಂದ ಎಮರಾಲ್ಡ್ ಲೇಕ್ಸ್‌ಗೆ ಇಳಿಯುವಾಗ. ಲಾರಿಯಿಂದ ಆಗತಾನೇ ಸುರಿದ ಜಲ್ಲಿರಾಶಿಯ ಮೇಲೆ ಇಳಿದಂತೆ, ಇಟ್ಟ ಹೆಜ್ಜೆ ನಿಲ್ಲದೆ ಜಾರುತ್ತದೆ. ಹೊರಡುವ ಮುಂಚೆ ಬೂಟಿನ ಲೇಸನ್ನು ಕಾಲ್ಬೆರಳು ಮುಂದಕ್ಕೆ ತಾಗದಂತೆ ಬಿಗಿದು ಕಟ್ಟಿ. ಹಿಂದಕ್ಕೆ ಒರಗಿಕೊಂಡರೆ ಜಾರಿ ಕುಳಿತುಬಿಡುತ್ತೀರಿ, ಕಾಲ್ಬೆರಳ ಮೇಲೆ ಭಾರ ಬಿಟ್ಟರೆ ಮುಗ್ಗರಿಸುತ್ತೀರಿ. ಮಂಡಿ ತುಸು ಮಡಿಸಿ, ಹಿಮ್ಮಡಿಯನ್ನು ಪುಡಿಗಲ್ಲಿನೊಳಕ್ಕೆ ಒತ್ತಿ ಹೂತು, ಅದು ನಿಂತ ಮೇಲೆ ಇನ್ನೊಂದು ಕಾಲು ಎತ್ತಿ. ವಾಕಿಂಗ್ ಸ್ಟಿಕ್ ಇದ್ದರೆ ಈಗ ಉದ್ದ ಮಾಡಿಕೊಳ್ಳಿ. ಮುಂದಿನವರಿಗೂ ನಿಮಗೂ ಅಂತರವಿರಲಿ, ನಿಮ್ಮ ಕಾಲಿಗೆ ಸಿಕ್ಕ ಕಲ್ಲು ಅವರ ಕಡೆಗೇ ಉರುಳುತ್ತದೆ. ಗಾಳಿ ಜೋರಿದ್ದರೆ ಈ ಏಣಿಗೆ ಕಾಲಿಡಲೇಬೇಡಿ.

ಕೆಳಗೆ ಮೂರು ಹಸಿರು ಕೆರೆ. ಸುತ್ತಲಿನ ಬಂಡೆಯಿಂದ ಕರಗಿ ಬರುವ ಖನಿಜಗಳು ಆ ಬಣ್ಣ ಕೊಡುತ್ತವೆ, ನೀರು ಆಮ್ಲೀಯ. ಊಟಕ್ಕೆ ಇದೇ ಜಾಗ, ಕೆರೆಯ ಅಂಚು ಬಿಟ್ಟು ತುಸು ದೂರ ಕುಳಿತುಕೊಳ್ಳಿ. ಮುಂದೆ ಸೆಂಟ್ರಲ್ ಕ್ರೇಟರ್, ಬ್ಲೂ ಲೇಕ್ ದಾಟಿದರೆ ಹತ್ತುವುದು ಮುಗಿಯಿತು. ಆಮೇಲೆ ಕಾಯಿಸುವ, ಕೊನೆಯೇ ಇಲ್ಲವೆನಿಸುವ ಇಳಿಜಾರು. ಅಂಕುಡೊಂಕು ದಾರಿ, ಹುಲ್ಲುಗಾವಲು, ಕೊನೆಗೆ ಕಾಡು. ಶಕ್ತಿಯನ್ನೆಲ್ಲ ರೆಡ್ ಕ್ರೇಟರ್‌ನಲ್ಲೇ ಖರ್ಚು ಮಾಡಿದವರಿಗೆ ಈ ಭಾಗ ಬಹಳ ಉದ್ದ.

ಮುಟ್ಟಬಾರದ ನೀರು, ಹತ್ತಬಾರದ ಶಿಖರ

ಈ ಬೆಟ್ಟಗಳು ಮಾವೊರಿ ಜನರಿಗೆ ಪೂರ್ವಿಕರ ಸಮಾನ. 1887ರಲ್ಲಿ ನ್ಗಾಟಿ ಟೂಫರೆಟೊವ ಬುಡಕಟ್ಟಿನ ಮುಖ್ಯಸ್ಥ ನಾಲ್ಕನೆಯ ಟೆ ಹ್ಯೂಹ್ಯೂ ಟುಕಿನೊ ಶಿಖರಗಳನ್ನು ರಾಷ್ಟ್ರಕ್ಕೆ ಒಪ್ಪಿಸಿದರು. ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹೀಗೆ. 1990ರಲ್ಲಿ ಪ್ರಕೃತಿಗಾಗಿ, 1993ರಲ್ಲಿ ಸಂಸ್ಕೃತಿಗಾಗಿ ಇದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ನ್ಗೌರುಹೊಯೆ, ಟೊಂಗರಿರೊ ಶಿಖರಗಳನ್ನು ಹತ್ತಬೇಡಿ, ಕೆರೆಗಳಿಗೆ ಇಳಿಯಬೇಡಿ, ನೀರು ಮುಟ್ಟಬೇಡಿ ಎಂಬುದು ಸ್ಥಳೀಯರ ಮತ್ತು ಇಲಾಖೆಯ ವಿನಂತಿ. ಬ್ರಹ್ಮಗಿರಿಯನ್ನು ಬಲ್ಲ ನಮಗೆ ಬೆಟ್ಟವೊಂದು ದೇವರಾಗುವುದು ಹೊಸದಲ್ಲ. ಕಾವಲುಗಾರನಿಲ್ಲ ಎಂದು ಕೆರೆಗೆ ಕೈ ಅದ್ದುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕೆಟೆಟಹಿ ಬಿಸಿನೀರಿನ ಬುಗ್ಗೆಗಳು ಖಾಸಗಿ ಜಾಗದಲ್ಲಿವೆ, ಅಲ್ಲಿಗೆ ಪ್ರವೇಶವಿಲ್ಲ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ತಿರುಗಿ ಬರುವ ನಿರ್ಧಾರ

ಜ್ವಾಲಾಮುಖಿ ಇನ್ನೂ ಜೀವಂತ. 2012ರ ಆಗಸ್ಟ್ 6ರ ರಾತ್ರಿ ಟೆ ಮಾರಿ ಕುಳಿ ಸಿಡಿದಾಗ ಹಾರಿದ ಬಂಡೆ ಕೆಟೆಟಹಿ ತಂಗುಮನೆಯ ಚಾವಣಿ ಸೀಳಿತು. ಅಂದು ಒಳಗೆ ಯಾರೂ ಇರಲಿಲ್ಲ. ನವೆಂಬರ್ 21ರಂದು ಮತ್ತೆ ಸಿಡಿದದ್ದು ಹಾಡಹಗಲಲ್ಲಿ, ಆಗ ದಾರಿಯ ಮೇಲೆ ಶಾಲಾ ಮಕ್ಕಳೂ ಇದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಹೊರಡುವ ಹಿಂದಿನ ಸಂಜೆ ಜಿಯೊನೆಟ್ ಸಂಸ್ಥೆ ಪ್ರಕಟಿಸುವ ಎಚ್ಚರಿಕೆಯ ಮಟ್ಟ ನೋಡಿ. 0ಯಿಂದ 5ರವರೆಗಿನ ಅಳತೆ ಅದು, 3 ಮತ್ತು ಮೇಲಿನದು ಸ್ಫೋಟಕ್ಕೆ. ದಾರಿಯಲ್ಲಿ ‘ಇಲ್ಲಿ ನಿಲ್ಲಬೇಡಿ’ ಎಂಬ ಫಲಕ ಕಂಡ ಕಡೆ ನಿಲ್ಲದೆ ನಡೆಯಿರಿ.

ಆದರೂ ದಿನನಿತ್ಯದ ಅಪಾಯ ಗಾಳಿ ಮತ್ತು ಚಳಿಯದ್ದೇ. ನಿರ್ಧಾರಕ್ಕೆ ಎರಡು ಜಾಗ ಗೊತ್ತು ಮಾಡಿಕೊಳ್ಳಿ: ಸೋಡಾ ಸ್ಪ್ರಿಂಗ್ಸ್ ಮತ್ತು ಸೌತ್ ಕ್ರೇಟರ್. ಸೋಡಾ ಸ್ಪ್ರಿಂಗ್ಸ್‌ಗೆ ಬರುವಷ್ಟರಲ್ಲೇ ಯಾರಾದರೂ ಸುಸ್ತಾಗಿದ್ದರೆ ಅಲ್ಲಿಂದಲೇ ಮರಳಿ. ಸೌತ್ ಕ್ರೇಟರ್‌ನಲ್ಲಿ ಮುಂದಿನ ಏಣು ಮೋಡದಲ್ಲಿ ಮುಚ್ಚಿದ್ದರೆ, ಗಾಳಿಗೆ ಮೈ ತೂರಾಡಿದರೆ ಮರಳಿ. ಗುಂಪಿನಲ್ಲಿ ಒಬ್ಬರಿಗೆ ಬೇಡವೆನಿಸಿದರೂ ಎಲ್ಲರೂ ಒಟ್ಟಿಗೇ ತಿರುಗಬೇಕು ಎಂದು ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ. ರೆಡ್ ಕ್ರೇಟರ್ ದಾಟಿ ಆ ಪುಡಿಗಲ್ಲಿನ ಮೇಲೆ ಇಳಿದ ನಂತರ ವಾಪಸು ಹತ್ತುವುದಕ್ಕಿಂತ ಮುಂದೆ ಹೋಗುವುದೇ ಸುಲಭ. ತಿರುಗಿದ ಕೂಡಲೇ ಸಿಗ್ನಲ್ ಸಿಗುವ ಕಡೆಯಿಂದ ಶಟಲ್‌ನವರಿಗೆ ತಿಳಿಸಿ, ಇಲ್ಲದಿದ್ದರೆ ಸಂಜೆ ಕೆಟೆಟಹಿಯಲ್ಲಿ ನಿಮಗಾಗಿ ಕಾಯುತ್ತಾರೆ, ಹುಡುಕಾಟವೂ ಶುರುವಾಗಬಹುದು.

ಇಳಿದ ದಿನವೇ ಆಕ್ಲೆಂಡ್‌ಗೆ ಕಾರು ಓಡಿಸುವ ಯೋಚನೆ ಬಿಡಿ. ಎಂಟು ತಾಸು ನಡೆದ ಕಾಲಿನಲ್ಲಿ, ಕತ್ತಲ ತಿರುವುಗಳಲ್ಲಿ ನಾಲ್ಕೂವರೆ ತಾಸು ಬ್ರೇಕ್ ಒತ್ತುವುದು ಚಾರಣಕ್ಕಿಂತ ಅಪಾಯ. ಆ ರಾತ್ರಿಗೂ ಟೂರಂಗಿಯಲ್ಲೇ ರೂಮು ಇಟ್ಟುಕೊಳ್ಳಿ. ಪಕ್ಕದ ಟೋಕಾನುವಿನಲ್ಲಿ ಬಿಸಿನೀರಿನ ಬುಗ್ಗೆಯ ಕೊಳಗಳಿವೆ, ತೆರೆದಿರುವ ಸಮಯವನ್ನು ಬೆಳಿಗ್ಗೆ ಹೊರಡುವಾಗಲೇ ವಿಚಾರಿಸಿ, ಒಣ ಬಟ್ಟೆ ಮತ್ತು ಚಪ್ಪಲಿ ಕಾರಿನಲ್ಲಿ ಇಟ್ಟಿರಿ.